ಓಕ್ ತೋಪಿನ ತಟ್ಟೆಯಾಟ

ಅಮೆರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದ ಪಸಡೀನಾ ನಗರದ ಅಂಚಿನಲ್ಲಿ, ಸ್ಯಾನ್ ಗೇಬ್ರಿಯಲ್ ಬೆಟ್ಟಗಳಿಂದ ಇಳಿದು ಬರುವ ಹಳ್ಳವೊಂದಿದೆ. ಅದರ ಹೆಸರು ಅರೋಯೋ ಸೆಕೋ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಒಣಹಳ್ಳ. ಹೆಸರಿಗೆ ತಕ್ಕಂತೆ ವರ್ಷದ ಬಹುಪಾಲು ಅದರ ಒಡಲಲ್ಲಿ ನೀರಿಗಿಂತ ಮರಳು, ಗುಂಡುಗಲ್ಲುಗಳೇ ಹೆಚ್ಚು. ನಮ್ಮ ಬಯಲುಸೀಮೆಯ ಹಳ್ಳಗಳನ್ನು ಬೇಸಿಗೆಯಲ್ಲಿ ಕಂಡವರಿಗೆ ಆ ನೋಟ ಹೊಸದೆನಿಸಲಾರದು. ಈ ಹಳ್ಳದ ದಂಡೆಯಲ್ಲಿರುವ ಹಳೆಯ ಓಕ್ ಮರಗಳ ತೋಪಿಗೆ 2019ರ ಮೇ ತಿಂಗಳ ಒಂದು ಭಾನುವಾರ, ಬೆಳಗಿನ ಲಿಂಗಪೂಜೆ ಪೂರೈಸಿಕೊಂಡು, ಬುತ್ತಿ ಕಟ್ಟಿಕೊಂಡು ನಾವು ಹೋದೆವು.

ಈ ಉದ್ಯಾನಕ್ಕೆ ಮೊದಲು ಓಕ್ ಗ್ರೋವ್ ಎಂದೇ ಹೆಸರಿತ್ತು. ಈಗ ಅದನ್ನು ಹಹಮೋಂಗ್ನಾ ಎನ್ನುತ್ತಾರೆ. ಬಿಳಿಯರು ಬರುವುದಕ್ಕೆ ಬಹು ಮೊದಲೇ ಇಲ್ಲಿ ನೆಲೆಸಿದ್ದ ಟೋಂಗ್ವಾ ಜನರ ನುಡಿಯಿಂದ ಬಂದ ಹೆಸರದು. ನೀರು ಹರಿಯುವ, ಫಲವುಳ್ಳ ಕಣಿವೆ ಎಂಬ ಅರ್ಥವನ್ನು ಅದಕ್ಕೆ ಹೇಳುತ್ತಾರೆ. ಒಂದೇ ಹಳ್ಳವನ್ನು ಒಬ್ಬರು ಒಣಗಿದ್ದೆಂದರು, ಇನ್ನೊಬ್ಬರು ಹರಿಯುವುದೆಂದರು. ಯಾರು ಯಾವ ಋತುವಿನಲ್ಲಿ ಬಂದು ನೋಡಿದರೋ!

ತೋಪಿನೊಳಗೆ ಕಾಲಿಟ್ಟೊಡನೆ ಕಿವಿಗೆ ಬಿದ್ದದ್ದು ಸರಪಳಿಯ ಸದ್ದು. ದೇವಾಲಯದ ತೂಗುದೀಪದ ಸರಪಳಿಯನ್ನು ಯಾರೋ ಜಗ್ಗಿದಂತೆ ಝಲ್ಲೆಂದು ಒಂದು ಸಪ್ಪಳ, ಬಳಿಕ ನಿಶ್ಶಬ್ದ. ನೆಲದಲ್ಲಿ ನೆಟ್ಟ ಕಂಬದ ತುದಿಯಿಂದ ಸುತ್ತಲೂ ಸರಪಳಿಗಳು ಇಳಿಬಿದ್ದಿದ್ದವು. ಅವುಗಳ ಕೆಳಗೆ ತಂತಿಯ ಬುಟ್ಟಿ. ದೂರದಲ್ಲಿ ನಿಂತವರು ಒಂದು ತಟ್ಟೆಯನ್ನು ತಿರುಗಿಸಿ ಎಸೆಯುತ್ತಾರೆ. ಅದು ಮರಗಳ ನಡುವೆ ತೇಲಿಬಂದು ಸರಪಳಿಗೆ ತಾಗಿ ಬುಟ್ಟಿಯೊಳಗೆ ಬೀಳಬೇಕು. ಒಂದೇ ಎಸೆತಕ್ಕೆ ಬೀಳುವುದು ಅಪರೂಪ. ತಟ್ಟೆ ಬಿದ್ದಲ್ಲಿಗೆ ನಡೆದುಹೋಗಿ ಅಲ್ಲಿಂದ ಮತ್ತೆ ಎಸೆಯುವುದು. ಕಡಿಮೆ ಎಸೆತಗಳಲ್ಲಿ ಮುಗಿಸಿದವನು ಗೆದ್ದಂತೆ. ಇದೇ ಡಿಸ್ಕ್ ಗಾಲ್ಫ್. ಗಾಲ್ಫಿನ ಚೆಂಡು, ಕೋಲುಗಳು ಇದರಲ್ಲಿಲ್ಲ. ನೆಲದಲ್ಲಿ ಕುಳಿಯೂ ಇಲ್ಲ. ಆದರೂ ಎಸೆಯುವ ಕಟ್ಟೆಯಿಂದ ಬುಟ್ಟಿಯವರೆಗಿನ ಹರವನ್ನು ಹಳೆಯ ಆಟದ ನೆನಪಿಗೆ 'ಹೋಲ್' ಎಂದೇ ಕರೆಯುತ್ತಾರೆ. ಎಸೆಯುವ ಕಟ್ಟೆಗೆ 'ಟೀ' ಎಂದು ಹೆಸರು. ನಮ್ಮ ಶ್ರೀಮತಿಯವರು ಈ ಪದವನ್ನು ಮೊದಲು ಕೇಳಿದಾಗ, ಚಹಾ ಕುಡಿಯಲು ಕರೆಯುತ್ತಿದ್ದಾರೆಂದು ತಿಳಿದು ಬೇಡವೆಂದು ಕೈಯಾಡಿಸಿದ್ದರು.

ಈ ಓಕ್ ತೋಪು ಆ ಆಟದ ಮೂಲಸ್ಥಾನ. 1975ರಲ್ಲಿ ಎಡ್ ಹೆಡ್ರಿಕ್ ಎಂಬವರು ಇದಕ್ಕಾಗಿಯೇ ಮೊತ್ತಮೊದಲ ಶಾಶ್ವತ ಅಂಗಳವನ್ನು ಇಲ್ಲಿ ರೂಪಿಸಿದರು. ಅವರು ಹುಟ್ಟಿದ್ದೂ ಸಮೀಪದ ದಕ್ಷಿಣ ಪಸಡೀನಾದಲ್ಲಿ, 1924ರಲ್ಲಿ. ಆಟಿಕೆಗಳ ಕಂಪನಿಯೊಂದರಲ್ಲಿದ್ದಾಗ ಫ್ರಿಸ್ಬೀ ತಟ್ಟೆಯ ಮೈಮೇಲೆ ಉಂಗುರಾಕಾರದ ಗೆರೆಗಳನ್ನು ಮೂಡಿಸಿ, ಅದು ಓಲಾಡದೆ ಹಾರುವಂತೆ ಮಾಡಿ 1967ರಲ್ಲಿ ಪೇಟೆಂಟ್ ಪಡೆದಿದ್ದರು. ಇಲ್ಲಿ ಮೊದಲು ಗುರಿಗೆಂದು ಬರಿಯ ಕಂಬಗಳಿದ್ದವಂತೆ. ತಟ್ಟೆ ಕಂಬಕ್ಕೆ ತಾಗಿತೋ ಇಲ್ಲವೋ ಎಂಬ ತಕರಾರು ತಪ್ಪಲೆಂದು ಸರಪಳಿಯ ಬುಟ್ಟಿ ಬಂದಿತು. ಅದಕ್ಕೂ 1977ರಲ್ಲಿ ಪೇಟೆಂಟ್ ದೊರೆಯಿತು. ಇಂದು ಲೋಕದಲ್ಲಿ ಇಂಥ ಅಂಗಳಗಳು ಹತ್ತು ಸಾವಿರಕ್ಕೂ ಮಿಕ್ಕಿವೆ. ಹೆಡ್ರಿಕ್ 2002ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಎಸೆಯುವ ತಟ್ಟೆಗಳನ್ನೇ ಅಚ್ಚು ಹಾಕಿಸಿದರು. ಮಣ್ಣು ಕೊಡುವ ಸಂಪ್ರದಾಯದವರಾದ ನಮಗೆ ಇದನ್ನು ಕೇಳಿ ಕ್ಷಣಕಾಲ ಮಾತು ಹೊರಡಲಿಲ್ಲ. ಆದರೆ ಆಟದ ಮೇಲಿನ ಆ ಜೀವದ ನಿಷ್ಠೆಯನ್ನು ಅಲ್ಲಗಳೆಯುವುದು ಹೇಗೆ?

ಇಳಿವಯಸ್ಸಿನ ದಂಪತಿಗಳಾದ ನಮಗೆ ಈ ತಟ್ಟೆಯಾಟದ ಗೊಡವೆ ಏಕೆಂದು ಓದುಗ ಬಂಧುಗಳು ಕೇಳಬಹುದು. ಅದಕ್ಕೆ ಎರಡು ತಿಂಗಳು ಹಿಂದಕ್ಕೆ, ಮಗನ ಮನೆಯ ಬಳಿಯ ಬೇರೊಂದು ಸಣ್ಣ ಉದ್ಯಾನಕ್ಕೆ ಹೋಗಬೇಕು.

ಮಗನಿರುವುದು ಆ ಸೀಮೆಯ ಒಂದು ಊರಿನಲ್ಲಿ. ಅವನ ಮನೆಯಿಂದ ಹತ್ತು ನಿಮಿಷ ನಡೆದರೆ ಗುಡ್ಡದ ಇಳಿಜಾರಿಗೆ ಆತುಕೊಂಡ ಉದ್ಯಾನ. ದಿನವೂ ಸಂಜೆ ಐದು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಅಲ್ಲಿಯ ಕಾಲುದಾರಿಯಲ್ಲಿ ತಿರುಗಾಡುವುದು ನಮ್ಮ ಪರಿಪಾಠ. ಒಂಬತ್ತು ಬುಟ್ಟಿಗಳ ಪುಟ್ಟ ಅಂಗಳವೊಂದನ್ನು ಅಲ್ಲಿ ಹೊಸದಾಗಿ ಹಾಕಿದ್ದರು. ನಾವು ಅದನ್ನು ಕಂಡಿದ್ದೆವೇ ಹೊರತು ಗಮನಿಸಿರಲಿಲ್ಲ. ಮಾರ್ಚ್ ತಿಂಗಳ ಒಂದು ಸಂಜೆ, ದಾರಿ ಪೊದೆಯೊಂದನ್ನು ಬಳಸಿ ತಿರುಗುವ ಕಡೆ, ಎತ್ತರದಿಂದ ಯಾರೋ "ಫೋರ್!" ಎಂದು ಕೂಗಿದರು. ಹಾಗೆ ಕೂಗಿದರೆ 'ಎಚ್ಚರ, ತಲೆ ತಗ್ಗಿಸಿ' ಎಂಬ ಅರ್ಥವೆಂದು ಆ ಆಟ ಬಲ್ಲವರಿಗೆ ಗೊತ್ತು. ನಮ್ಮ ಮನೆಯಲ್ಲಾದರೋ ಆ ವಾರ ಮೊಮ್ಮಗಳಿಗೆ ಅಂಕಿ ಕಲಿಸುವ ಕಾರ್ಯ ನಡೆದಿತ್ತು. ಶ್ರೀಮತಿಯವರು, ಯಾವುದೋ ಮಗು ನಾಲ್ಕನ್ನು ಎಣಿಸುತ್ತಿದೆ ಎಂದುಕೊಂಡು, ನಗುತ್ತ ಕೂಗು ಬಂದ ದಿಕ್ಕಿಗೇ ಮುಖ ತಿರುಗಿಸಿದರು. ಮಗು ಅದೇ ಗಳಿಗೆಗೆ ನೆಲದಲ್ಲಿ ಬಿದ್ದ ಓಕ್ ಕಾಯಿಯೊಂದನ್ನು ಆರಿಸಲು ಬಾಗಿತು. ಅದರ ತಲೆಯಿದ್ದ ಎತ್ತರದಲ್ಲಿಯೇ ಕಿತ್ತಳೆ ಬಣ್ಣದ ತಟ್ಟೆಯೊಂದು ಹಾಯ್ದು ಬಂದು ಶ್ರೀಮತಿಯವರ ಮಣಿಕಟ್ಟಿಗೆ ಬಡಿಯಿತು. ಕೈಯಲ್ಲಿದ್ದ ಹಸಿರು ಬಳೆಗಳಲ್ಲಿ ಎರಡು ಒಡೆದು ಚೂರಾದವು.

ರಕ್ತ ಹೆಚ್ಚೇನೂ ಬರಲಿಲ್ಲ. ಮಣಿಕಟ್ಟು ಮಾತ್ರ ರಾತ್ರಿಯ ಹೊತ್ತಿಗೆ ಬದನೆಕಾಯಿಯಂತೆ ಊದಿಕೊಂಡಿತು. ಆ ತಟ್ಟೆ ನೋಡಲು ಆಟಿಕೆಯಂತಿದ್ದರೂ ಆಟಿಕೆಯಲ್ಲ. ಅಡ್ಡಳತೆ ಸುಮಾರು 21 ಸೆಂಟಿಮೀಟರ್, ತೂಕ 150ರಿಂದ 175 ಗ್ರಾಂ, ಅಂಚು ಗಟ್ಟಿ. ಪಳಗಿದವರ ಕೈಯಿಂದ ಗಂಟೆಗೆ 100 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಹೊರಡುತ್ತದೆ. ಬರುವಾಗ ಸಪ್ಪಳವೂ ಇರುವುದಿಲ್ಲ.

ಎಸೆದವನು ಹದಿನೆಂಟು ಹತ್ತೊಂಬತ್ತರ ಹುಡುಗ. ಓಡಿಬಂದವನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಒಡೆದ ಬಳೆಯ ಚೂರುಗಳನ್ನು ಮೊಣಕಾಲೂರಿ ತಾನೇ ಆರಿಸತೊಡಗಿದ. ರಾತ್ರಿ ಮಗನಿಗೆ ಕೋಪ ತಡೆಯಲಾಗಲಿಲ್ಲ. ಪೊಲೀಸರಿಗೆ ಹೇಳುತ್ತೇನೆ, ಈ ಆಟವನ್ನೇ ಉದ್ಯಾನದಿಂದ ತೆಗೆಸುತ್ತೇನೆ ಎಂದು ಹೊರಟ. ಕೈಗೆ ಅರಿಶಿನದ ಪಟ್ಟು ಹಾಕಿಸಿಕೊಳ್ಳುತ್ತ ಕುಳಿತ ಶ್ರೀಮತಿಯವರು ಅಂದದ್ದು ಇಷ್ಟೇ: "ಆ ಹುಡುಗಗ ಏನೂ ಅನಬ್ಯಾಡಪ್ಪಾ. ಅಂವಗ ನಾವು ಕಂಡಽ ಇಲ್ಲ. ಅಂವಾ ನಿಂತ ಜಾಗಾನ ಸರಿ ಇಲ್ಲ."

ಮರುದಿನ ಮುಂಜಾನೆ ನಾವೊಬ್ಬರೇ ಹೋಗಿ ಆ ಜಾಗದ ಮೇಲೆ ನಿಂತು ನೋಡಿದೆವು. ಆರನೆಯ ಬುಟ್ಟಿಯ ಟೀ ಅದು. ಇಳಿಜಾರಿನ ತಲೆಯಲ್ಲಿ ಪಶ್ಚಿಮಕ್ಕೆ ಮುಖವಾಗಿ ಒಂದು ಕಾಂಕ್ರೀಟ್ ಕಟ್ಟೆ. ಮುಂದಿನ ನೋಟ ನಿಜಕ್ಕೂ ಮನೋಹರ. ಕಣಿವೆ, ಹುಲ್ಲು, ದೂರದಲ್ಲಿ ಮಿನುಗುವ ಬುಟ್ಟಿ. ಆದರೆ ನಾವು ನಿತ್ಯ ನಡೆಯುವ ಕಾಲುದಾರಿ ಎಲ್ಲಿ? ಎಡಗಡೆಯ ಪೊದೆ ಅದನ್ನು ಪೂರ್ತಿ ನುಂಗಿಬಿಟ್ಟಿತ್ತು. ಆಮೇಲೆ ಕೆಳಗಿಳಿದು ದಾರಿಯಲ್ಲಿ ನಿಂತು ಮೇಲೆ ನೋಡಿದರೆ ಟೀ ಕಾಣದು. ನಡೆಯುವವರಿಗೆ ಎಸೆಯುವವನಿಲ್ಲ, ಎಸೆಯುವವನಿಗೆ ನಡೆಯುವವರಿಲ್ಲ. ಸಂಜೆಯಾದರೆ ಇಳಿಬಿಸಿಲು ಎಸೆಯುವವನ ಕಣ್ಣಿಗೇ ಹೊಡೆಯುತ್ತದೆ.

ಅಲ್ಲಿ ನಿಂತಿರುವಾಗ ನಮಗೆ ನೆನಪಾದದ್ದು ಬಾಲ್ಯದ ಬಿಳಿಜೋಳದ ಹೊಲ. ತೆನೆ ಹಾಲುಗಟ್ಟುವ ಹೊತ್ತಿಗೆ ಹಕ್ಕಿ ಕಾಯಲು ಹೊಲದಲ್ಲಿ ಅಟ್ಟಣಿಗೆ ಕಟ್ಟುತ್ತಿದ್ದರು. ಅದರ ಮೇಲೆ ನಿಂತು ಹುಡುಗರಾದ ನಾವು ಕವಣೆ ಬೀಸುತ್ತಿದ್ದೆವು. ಹೊಲದ ನಟ್ಟನಡುವೆ ಕಟ್ಟಿದರೆ ನಾಲ್ಕೂ ಕಡೆ ಕಲ್ಲು ಹೊಡೆಯಬಹುದಲ್ಲ ಎಂದು ನಮ್ಮ ವಾದ. ನಮ್ಮ ತಂದೆಯವರು ಕೇಳುತ್ತಿರಲಿಲ್ಲ. ಬಂಡಿಯ ಹಾದಿಯಿದ್ದ ಬದುವಿನ ಪಕ್ಕದಲ್ಲಿಯೇ ಕಟ್ಟಿಸಿ, ಹಾದಿಗೆ ಬೆನ್ನು ಕೊಟ್ಟು ಹೊಲದೊಳಕ್ಕೆ ಬೀಸು ಎನ್ನುತ್ತಿದ್ದರು. ಸಂತೆಗೆ ಹೋಗುವವರು, ನೀರಿಗೆ ಹೋಗುವ ಹೆಣ್ಣುಮಕ್ಕಳು ಆ ಹಾದಿಯಲ್ಲಿ ಓಡಾಡುತ್ತಿದ್ದರು. ಕವಣೆಯ ಕಲ್ಲಿಗೆ ಅವರು ಯಾರೆಂಬುದು ತಿಳಿಯುವುದಿಲ್ಲವಷ್ಟೆ.

ಮಗನನ್ನು ಸಮಾಧಾನಪಡಿಸಿ, ಪೊಲೀಸರ ಬದಲು ಉದ್ಯಾನದ ಕಚೇರಿಗೊಂದು ಪತ್ರ ಬರೆಸಿದೆವು. ಎರಡೇ ದಿನಗಳಲ್ಲಿ ಆರನೆಯ ಬುಟ್ಟಿಗೆ ಗೋಣಿಚೀಲದಂಥದೊಂದನ್ನು ಮುಸುಕಿ, ಆ ಹೋಲನ್ನು ಮುಚ್ಚಿದರು. ಆಟಗಾರರ ಕೂಟದ ಪರವಾಗಿ ಎಪ್ಪತ್ತರ ಸಮೀಪದ ಒಬ್ಬ ನಿವೃತ್ತ ಶಾಲಾಶಿಕ್ಷಕರು ಮನೆಗೇ ಬಂದರು. ಅವರನ್ನು ನಾವು ಮಾಸ್ತರರು ಎಂದೇ ಕರೆಯುತ್ತಿದ್ದೆವು. ಊದಿದ ಕೈಯನ್ನು ಕಂಡು ತಲೆ ತಗ್ಗಿಸಿ ಕುಳಿತರು. ಬಳಿಕ, ಹೊಸ ಜಾಗ ಹುಡುಕಲು ನೀವೂ ಬರಬೇಕು ಎಂದು ಕೇಳಿಕೊಂಡರು.

ಅಂದು ಅವರಿಂದ ನಾವು ಕಲಿತದ್ದು ಬಹಳ. ಬಲಗೈಯವನು ಹಿಂಗೈಯಿಂದ ಎಸೆದ ತಟ್ಟೆ ವೇಗ ಕುಂದಿದಾಗ ತಾನಾಗಿ ಎಡಕ್ಕೆ ಹೊರಳುತ್ತದೆ; ಎಡಗೈಯವನದು ಬಲಕ್ಕೆ. ಇದು ತಪ್ಪಲ್ಲ, ತಟ್ಟೆಯ ಸ್ವಭಾವ. ತಪ್ಪು ಬೇರೆ ಇರುತ್ತದೆ. ಕೈಬಿಡುವ ಗಳಿಗೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ದಿಕ್ಕು ಕೆಡುತ್ತದೆ. ಹತ್ತು ಡಿಗ್ರಿ ತಪ್ಪಿದ ಎಸೆತ 60 ಮೀಟರ್ ದೂರ ಹೋಗುವಷ್ಟರಲ್ಲಿ ಪಕ್ಕಕ್ಕೆ ಹತ್ತು ಮೀಟರಿಗೂ ಹೆಚ್ಚು ಸರಿದಿರುತ್ತದೆ ಎಂದು ಮಾಸ್ತರರು ಕೋಲಿನಿಂದ ನೆಲದಲ್ಲಿ ಗೀಚಿ ತೋರಿಸಿದರು. ಹೊಸಬರಿಗೆ ಹತ್ತು ಡಿಗ್ರಿ ದೊಡ್ಡ ತಪ್ಪೇ ಅಲ್ಲ. ನಮ್ಮ ಕಾಲುದಾರಿ ಎಸೆತದ ನಡುಗೆರೆಯಿಂದ ಎಡಕ್ಕೆ ಸರಿಸುಮಾರು ಅಷ್ಟೇ ದೂರದಲ್ಲಿತ್ತು! ನಕಾಶೆಯಲ್ಲಿ ಎರಡೂ ಬೇರೆ ಬೇರೆ ಗೆರೆಗಳು. ನೆಲದ ಮೇಲೆ ತಟ್ಟೆಗೆ ಎರಡೂ ಒಂದೇ.

ಆದ್ದರಿಂದ ಟೀ ಇಡುವಾಗ ನೆಟ್ಟಗಿನ ಗೆರೆಯನ್ನು ನೋಡಿದರೆ ಸಾಲದು, ಬೀಸಣಿಗೆ ಬಿಚ್ಚಿದಂತೆ ಮುಂದೆ ಹರಡುವ ಜಾಗವನ್ನೆಲ್ಲ ನೋಡಬೇಕು. ಆ ಬೀಸಣಿಗೆಯೊಳಗೆ ಕಾಲುದಾರಿ, ಮಕ್ಕಳ ಜೋಕಾಲಿ, ಕುಳಿತುಣ್ಣುವ ಮೇಜು ಬರಬಾರದು. ಇನ್ನೊಂದು ಬುಟ್ಟಿಯ ಟೀ ಕೂಡ ಬರಬಾರದು. ಅಲ್ಲಿ ಸರದಿಗಾಗಿ ಕಾಯುವವರು ಬೆನ್ನು ತಿರುಗಿಸಿ ಮಾತಿನಲ್ಲಿರುತ್ತಾರೆ. ಒಂದು ಬುಟ್ಟಿ ಮುಗಿದ ಮೇಲೆ ಮುಂದಿನ ಟೀ ಹತ್ತಿರವಿದ್ದರೆ ನಡೆಯಲು ಅನುಕೂಲವೆಂದು ಅದನ್ನು ಬುಟ್ಟಿಯ ನೇರ ಹಿಂದೆಯೇ ಇಡುವುದುಂಟು. ಗುರಿ ಮೀರಿದ ತಟ್ಟೆ ನೆಟ್ಟಗೆ ಅಲ್ಲಿಗೇ ಹೋಗುತ್ತದೆ. ಪಕ್ಕಕ್ಕೆ ಸರಿಸಿ ಇಡುವುದೇ ಲೇಸು. ಮುಂದೆ ಏನಿದೆಯೆಂದು ಎಷ್ಟು ಮಾಡಿದರೂ ಕಾಣದ ತಾಣಗಳಲ್ಲಿ ಕೆಲವೆಡೆ ಗಂಟೆ ಕಟ್ಟಿರುತ್ತಾರಂತೆ. ಮುಂದೆ ಹೋದವರು ಜಾಗ ತೆರವಾಯಿತೆಂದು ಅದನ್ನು ಬಾರಿಸಬೇಕು. ಎಸೆಯುವವನ ಕ್ಷೇಮವೂ ಇದೆ. ಅವನು ನಾಲ್ಕು ಹೆಜ್ಜೆ ಓಡಿ, ಒಂಟಿಕಾಲಿನ ಮೇಲೆ ಗಿರಕಿ ಹೊಡೆದು ಎಸೆಯುತ್ತಾನೆ. ಕಟ್ಟೆ ಓರೆಯಾಗಿದ್ದರೆ, ಮಳೆಗೆ ಜಾರಿದರೆ, ಇಲ್ಲವೇ ಮುಂದಿನ ಅಂಚಿನಲ್ಲಿ ತಟ್ಟನೆ ಗೇಣುದ್ದ ಇಳುಕಲಿದ್ದರೆ ಮೊಣಕಾಲಿಗೆ ಸಂಚಕಾರ.

ಬಳಿಕ ಮಾಸ್ತರರು ಮಾಡಿದ ಒಂದು ಕೆಲಸವನ್ನು ನಾವು ಎಂದಿಗೂ ಮರೆಯಲಾರೆವು. ಅಳತೆಯ ಪಟ್ಟಿಯನ್ನು ಮಡಚಿ ಜೇಬಿನಲ್ಲಿಟ್ಟು, ದಿನವೂ ಮಗುವಿನೊಂದಿಗೆ ಹೇಗೆ ನಡೆಯುವಿರೋ ಹಾಗೆಯೇ ಇಂದೂ ನಡೆಯಿರಿ ಎಂದು ಶ್ರೀಮತಿಯವರನ್ನು ಬೇಡಿಕೊಂಡರು. ಅವರು ಉಟ್ಟದ್ದು ಕೆಂಪು ದಡಿಯ ಇಳಕಲ್ಲ ಸೀರೆ. ಅಜ್ಜಿ ಮೊಮ್ಮಗಳು ದಾರಿಯುದ್ದಕ್ಕೂ ಹೋಗಿ ಬರುತ್ತಿದ್ದರೆ, ಮಾಸ್ತರರೂ ನಾವೂ ಒಂದೊಂದೇ ಜಾಗದಲ್ಲಿ ನಿಂತು, ಸೀರೆ ಕಾಣುತ್ತದೆಯೇ, ಕಾಣುವುದಿಲ್ಲವೇ ಎಂದು ನೋಡುತ್ತ ಬಂದೆವು. ಮೂರನೆಯ ಜಾಗದಲ್ಲಿ ಸೀರೆ ಮೊದಲಿನಿಂದ ಕೊನೆಯವರೆಗೂ ಕಂಡಿತು. ಇದೇ ಸರಿ ಎಂದೆವು ನಾವು. ಮಾಸ್ತರರು ತಲೆಯಲ್ಲಾಡಿಸಿದರು. "ಹುಡುಗಿ ಎಲ್ಲಿ?" ಎಂದರು. ನೋಡಿದರೆ ಎದೆಮಟ್ಟದ ಹುಲ್ಲು, ಕುರುಚಲಿನ ಹಿಂದೆ ಮಗು ಮಾಯವಾಗಿತ್ತು. ಅಜ್ಜಿ ಮಾತ್ರ ಗಾಳಿಯೊಡನೆ ಕೈಹಿಡಿದು ನಡೆಯುತ್ತಿರುವಂತೆ ಕಾಣುತ್ತಿದ್ದರು. ನಮ್ಮ ಎದೆ ಧಸಕ್ಕೆಂದಿತು.

ಕಡೆಗೆ ನಿಶ್ಚಯವಾದ ಜಾಗ ಕಾಲುದಾರಿಯ ಆಚೆ ಬದಿಗೆ. ಅಲ್ಲಿಂದ ಎಸೆದರೆ ದಾರಿ ಬೆನ್ನ ಹಿಂದೆ ಉಳಿಯುತ್ತದೆ. ಸೂರ್ಯ ಕಣ್ಣಿಗೆ ಬೀಳದೆ ಭುಜದ ಕಡೆಗಿರುತ್ತಾನೆ. ಅಟ್ಟಣಿಗೆಯ ಕಥೆಯನ್ನು ಮಗನ ಮೂಲಕ ಹೇಳಿಸಿದಾಗ ಮಾಸ್ತರರು ಹಿಗ್ಗಿ, ನಿಮ್ಮ ತಂದೆಯವರು ನಮ್ಮ ಕೂಟದಲ್ಲಿರಬೇಕಿತ್ತು ಎಂದರು. ಎಲ್ಲರೂ ಹಿಗ್ಗಲಿಲ್ಲವೆಂಬುದನ್ನೂ ಹೇಳಬೇಕು. ಎತ್ತರದಿಂದ ಕಣಿವೆಗೆ ಎಸೆಯುವ ಸೊಗಸು ಹೋಯಿತು, ದೂರವೂ ಮೂವತ್ತು ಮೀಟರಿನಷ್ಟು ಕುಗ್ಗಿತು ಎಂದು ಒಬ್ಬಿಬ್ಬರು ಆಟಗಾರರು ಗೊಣಗಿದರು. ಅವರ ಮಾತು ಸುಳ್ಳಲ್ಲ. ಆ ಎತ್ತರದ ನೋಟವನ್ನು ನಾವೂ ಕಂಡಿದ್ದೆವಲ್ಲ! ಆದರೂ ನೋಟದ ಸೊಗಸಿಗೆ ಕಟ್ಟೆ ಬೇಕಿಲ್ಲ, ಒಂದು ಕಲ್ಲುಬೆಂಚು ಸಾಕು ಎಂದು ನಮ್ಮ ಅನಿಸಿಕೆ.

ಒಡನೆಯೇ ಕಾಂಕ್ರೀಟ್ ಸುರಿಯಲಿಲ್ಲ. ಐದಾರು ವಾರ ಬರಿಯ ರಬ್ಬರ್ ಚಾಪೆ ಹಾಸಿ ಆಡಿದರು. ತಟ್ಟೆ ಬಿದ್ದಲ್ಲೆಲ್ಲ ಸಣ್ಣ ಬಾವುಟ ಚುಚ್ಚಿ, ಎಸೆತಗಳು ಎಲ್ಲೆಲ್ಲಿ ಹರಡುತ್ತವೆಂದು ನೋಡಿದರು. ಬಳೆ ಒಡೆದ ಹುಡುಗನೇ ಸಂಜೆ ಸಂಜೆ ಬಂದು ಬಾವುಟಗಳನ್ನು ಎಣಿಸುತ್ತಿದ್ದ. ದಾರಿಯ ಕಡೆಗೆ ಒಂದೂ ಬೀಳಲಿಲ್ಲ.

ಈ ಚಾಪೆಯ ದಿನಗಳಲ್ಲಿಯೇ ಮಾಸ್ತರರು, ಆಟದ ಮೂಲಸ್ಥಾನವನ್ನು ನೋಡದೆ ನೀವು ಊರಿಗೆ ಮರಳಬಾರದು ಎಂದು ನಮ್ಮನ್ನು ಓಕ್ ತೋಪಿಗೆ ಕರೆದೊಯ್ದದ್ದು. ಬುಟ್ಟಿಯಿಂದ ಬುಟ್ಟಿಗೆ ನಡೆಸುತ್ತ ಹೋಗುವಾಗ ಅವರ ಮುಖದಲ್ಲಿ, ಕೂಡಲಸಂಗಮಕ್ಕೆ ನೆಂಟರನ್ನು ಕರೆತಂದವರ ಸಡಗರವಿತ್ತು. ಮರದ ನೆರಳಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಕೊಟ್ಟೆವು. ಚಟ್ನಿಯ ಖಾರಕ್ಕೆ ಅವರ ಕಣ್ಣಲ್ಲಿ ನೀರು. ಆದರೂ ಎರಡನೆಯ ರೊಟ್ಟಿಗೆ ಕೈ ಚಾಚಿದರು.

ತೋಪಿನ ಮಗ್ಗುಲಲ್ಲಿಯೇ ದೊಡ್ಡ ದೊಡ್ಡ ಕಟ್ಟಡಗಳ ಸಮೂಹವಿದೆ. ಮಂಗಳ ಗ್ರಹಕ್ಕೆ ಯಂತ್ರಗಳನ್ನು ಕಳುಹಿಸಿದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿ ಅದು. ಇಂಥ ಮಹಾಸಂಸ್ಥೆ ಈ ಒಣಹಳ್ಳಕ್ಕೆ ಬಂದದ್ದೇಕೆಂದು ಕೇಳಿದೆವು. 1936ರ ಅಕ್ಟೋಬರ್ 31ರಂದು ಫ್ರ್ಯಾಂಕ್ ಮಲಿನಾ ಮತ್ತು ಅವರ ಗೆಳೆಯರು ತಮ್ಮ ಪುಟ್ಟ ರಾಕೆಟ್ ಎಂಜಿನ್ನನ್ನು ಹೊತ್ತು ತಂದು, 1920ರಲ್ಲಿ ಕಟ್ಟಿದ ಡೆವಿಲ್ಸ್ ಗೇಟ್ ಅಣೆಕಟ್ಟೆಯ ಬಳಿ ಇದೇ ಹಳ್ಳದಲ್ಲಿ ಪರೀಕ್ಷೆ ನಡೆಸಿದರಂತೆ. ಅಂಥ ಸಾಹಸಕ್ಕೆ ಜನವಸತಿಯಿಂದ ದೂರದ ಜಾಗವೇ ಬೇಕಿತ್ತು. ಅಂದು ಆಮ್ಲಜನಕದ ಕೊಳವೆ ಕಳಚಿ, ಬೆಂಕಿ ಹೊತ್ತಿಕೊಂಡು, ಹಾವಿನಂತೆ ಹೊರಳಾಡತೊಡಗಲು ಅವರು ಎದ್ದೆವೋ ಬಿದ್ದೆವೋ ಎಂದು ಓಡಿದರು. ಯಾರಿಗೂ ಪೆಟ್ಟಾಗಲಿಲ್ಲ. ಓಡಿದ ದಾರಿಯಲ್ಲಿ ಅಜ್ಜಿ ಮೊಮ್ಮಕ್ಕಳು ಯಾರೂ ಇರಲಿಲ್ಲವೆಂದು ಕಾಣುತ್ತದೆ ಎಂದು ಶ್ರೀಮತಿಯವರು ನಕ್ಕರು.

ನಾವು ಹೊರಡುವುದಕ್ಕೆ ಮುಂಚಿನ ಶನಿವಾರ ಕಾಂಕ್ರೀಟ್ ಹಾಕಿದರು. ಕೂಲಿಯವರಿರಲಿಲ್ಲ. ಹನ್ನೆರಡು ಹದಿಮೂರು ಮಂದಿ ಆಟಗಾರರು ಬೆಳಗಿನ ಏಳಕ್ಕೇ ಬಂದು ಅಗೆದು, ಹಲಗೆ ಕಟ್ಟಿ, ಕಲಸಿ ಸುರಿದರು. ಒಬ್ಬಾಕೆ ವಕೀಲೆ, ಒಬ್ಬ ಅಂಚೆಯವನು, ಮೊದಲು ಗೊಣಗಿದ್ದವನೂ ಗುದ್ದಲಿ ಹಿಡಿದಿದ್ದ. ಇದಕ್ಕೆ ಕಾಯಕವೆನ್ನದೆ ಬೇರೆ ಯಾವ ಹೆಸರು ಕೊಡೋಣ? ದಾಸೋಹ ನಮ್ಮ ಮನೆಯದಾಯಿತು. ಬಾರವಾಡಲೆಂದು ಮೇಲ್ಮೈಯ ಮೇಲೆ ಪೊರಕೆ ಎಳೆದು ಒರಟು ಮಾಡಿದರು. ಜಾರದಿರಲು ಅದೇ ಉಪಾಯವಂತೆ. ಮುಂದಿನ ಅಂಚಿಗೆ ಮಣ್ಣು ತುಂಬಿ ನೆಲಕ್ಕೆ ಸಮ ಮಾಡಿದರು. ಹಳೆಯ ಕಟ್ಟೆಯನ್ನು ಒಡೆದ ಚೂರುಗಳೇ ಹೊಸದರ ಬುನಾದಿಗೆ ಹೋದವು.

ಕೊನೆಯ ದಿನದ ಸಂಜೆಯೂ ಅದೇ ದಾರಿಯಲ್ಲಿ ನಡೆದೆವು. ಶ್ರೀಮತಿಯವರ ಕೈಗೆ, ಮಗ ಭಾರತೀಯ ಅಂಗಡಿಯಿಂದ ತಂದ ಹೊಸ ಹಸಿರು ಬಳೆಗಳು. ಪೊದೆಯ ತಿರುವು ದಾಟುತ್ತಲೇ ಹೊಸ ಟೀಯ ಮೇಲೆ ಅದೇ ಹುಡುಗ ನಿಂತಿದ್ದ. ದಾರಿ ಅವನ ಬೆನ್ನಿಗಿದ್ದರೂ ಒಮ್ಮೆ ಹೊರಳಿ ನೋಡಿದ. ನಮ್ಮನ್ನು ಗುರುತಿಸಿ ಕಿತ್ತಳೆ ತಟ್ಟೆಯನ್ನು ಎದೆಗೊತ್ತಿಕೊಂಡು ನಿಂತುಕೊಂಡ. "ಎಸಿ, ಎಸಿ" ಎಂದು ಶ್ರೀಮತಿಯವರು ಕನ್ನಡದಲ್ಲಿಯೇ ಕೈಸನ್ನೆ ಮಾಡಿದರು. ಅವನು ಕದಲಲಿಲ್ಲ. ಮೊಮ್ಮಗಳು ಓಕ್ ಕಾಯಿಗಳನ್ನು ಆರಿಸಿ ಲಂಗದಲ್ಲಿ ತುಂಬಿಕೊಳ್ಳುವವರೆಗೂ ಕಾದ. ನಾವು ಮುಂದಿನ ತಿರುವಿಗೆ ಬಂದಾಗ ಹಿಂದಿನಿಂದ ಸರಪಳಿಯ ಸದ್ದು ಕೇಳಿಸಿತು.